ಗ್ರಾಫಿಕ್ ಡಿಸೈನ್: ಅಕ್ಷರ ಬಲ್ಲವರಿಗೆ ಅನ್ನ ನೀಡುವ ವೃತ್ತಿ

2024ರ ಆರಂಭದ ತಿಂಗಳುಗಳಲ್ಲಿ ರಾಜ್ಯದ ನಗರಗಳ ಅಂಗಡಿ ಬೀದಿಗಳಲ್ಲಿ ಎಲ್ಲಿಲ್ಲದ ಅವಸರ ಕಾಣಿಸಿಕೊಂಡಿತ್ತು. ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು, ಆ ಕನ್ನಡ ಫಲಕದ ಮೇಲ್ಭಾಗದಲ್ಲಿಯೇ ಇರಬೇಕು ಎಂಬ ಕಾನೂನು ತಿದ್ದುಪಡಿಯ ಫಲವಾಗಿ ಹಳೆಯ ಫಲಕಗಳು ಇಳಿದು ಹೊಸವು ಏರಿದವು. ಕನ್ನಡವೇನೋ ಬಂತು. ಆದರೆ ಹಲವು ಫಲಕಗಳಲ್ಲಿ ಒತ್ತಕ್ಷರ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಸರಿದಿತ್ತು, ಅರ್ಕಾವೊತ್ತು ದಿಕ್ಕು ತಪ್ಪಿತ್ತು. ಇಂಗ್ಲಿಷ್ ಹೆಸರು ಅಚ್ಚುಕಟ್ಟಾಗಿ ಹೊಳೆಯುತ್ತಿದ್ದರೆ ಅದರ ಮೇಲಿನ ಕನ್ನಡ ಹೆಸರು ಕಾಟಾಚಾರಕ್ಕೆ ಅಂಟಿಸಿದಂತಿತ್ತು.

ಇದು ಭಾಷಾಭಿಮಾನದ ಕೊರತೆಯಷ್ಟೇ ಅಲ್ಲ, ಕುಶಲ ಕೆಲಸಗಾರರ ಕೊರತೆಯೂ ಹೌದು. ಕಂಪ್ಯೂಟರ್ ಬಲ್ಲವರು ಬೀದಿಗೊಬ್ಬರು ಸಿಗುತ್ತಾರೆ. ಅಕ್ಷರದ ಗಾತ್ರ, ಅಂತರ, ಬಣ್ಣ ಮತ್ತು ಮುದ್ರಣವನ್ನು ಒಟ್ಟಾಗಿ ಬಲ್ಲವರು ವಿರಳ. ಗ್ರಾಫಿಕ್ ಡಿಸೈನ್ ಎಂಬ ವೃತ್ತಿಗೆ ಕಾಲಿಡಲು ಬಯಸುವ ಕನ್ನಡದ ಯುವಕ ಯುವತಿಯರು ಮೊದಲು ಅರಿಯಬೇಕಾದ ಸಂಗತಿ ಇದು. ತಂತ್ರಾಂಶವನ್ನು ಕೆಲವೇ ತಿಂಗಳುಗಳಲ್ಲಿ ಕಲಿಯಬಹುದು. ಕಣ್ಣು ಪಳಗಲು ಹಾಗೂ ಅಕ್ಷರ ಒಲಿಯಲು ವರ್ಷಗಳು ಬೇಕು. ವೃತ್ತಿಯಲ್ಲಿ ಬೆಲೆ ದೊರೆಯುವುದು ಎರಡನೆಯದಕ್ಕೆ.

ಏನಿದು ಗ್ರಾಫಿಕ್ ಡಿಸೈನ್?

ಹೇಳಬೇಕಾದ ವಿಷಯವನ್ನು ಅಕ್ಷರ, ಚಿತ್ರ, ಬಣ್ಣ ಮತ್ತು ಖಾಲಿ ಜಾಗಗಳ ಹೊಂದಾಣಿಕೆಯಿಂದ ನೋಡುಗರಿಗೆ ತಲುಪಿಸುವ ಕಲೆಯೇ ಗ್ರಾಫಿಕ್ ಡಿಸೈನ್. ಬೆಳಗಿನ ಹಾಲಿನ ಪ್ಯಾಕೆಟ್, ದಿನಪತ್ರಿಕೆಯ ಪುಟ, ಔಷಧದ ಡಬ್ಬಿ, ಬಸ್ ನಿಲ್ದಾಣದ ಫಲಕ, ಮದುವೆಯ ಆಹ್ವಾನ ಪತ್ರಿಕೆ, ಬ್ಯಾಂಕಿನ ಮೊಬೈಲ್ ಆ್ಯಪ್ ಇವೆಲ್ಲವೂ ಯಾರೋ ಒಬ್ಬ ವಿನ್ಯಾಸಕಾರನ ಮೇಜಿನಿಂದ ಹೊರಟು ಬಂದಂಥವು.

ಚಿತ್ರಕಲೆಗೂ ಇದಕ್ಕೂ ನಂಟಿದೆ, ಆದರೆ ಇವೆರಡೂ ಒಂದೇ ಅಲ್ಲ. ಚಿತ್ರಕಾರ ತನ್ನ ಮನದ ಭಾವಕ್ಕೆ ರೂಪ ಕೊಡುತ್ತಾನೆ. ವಿನ್ಯಾಸಕಾರ ಮತ್ತೊಬ್ಬರ ಅಗತ್ಯಕ್ಕೆ ರೂಪ ಕೊಡುತ್ತಾನೆ. ಔಷಧದ ಡಬ್ಬಿ ಎಷ್ಟೇ ಸುಂದರವಾಗಿದ್ದರೂ ಅವಧಿ ಮುಗಿಯುವ ದಿನಾಂಕ ವೃದ್ಧರ ಕಣ್ಣಿಗೆ ಕಾಣಿಸದಿದ್ದರೆ ಆ ವಿನ್ಯಾಸ ಸೋತಂತೆಯೇ.

ಈ ಕ್ಷೇತ್ರದೊಳಗೆ ಹಲವು ಕವಲುಗಳಿವೆ. ಲೋಗೊ ಮತ್ತು ಸಂಸ್ಥೆಯ ಒಟ್ಟಾರೆ ಗುರುತನ್ನು ರೂಪಿಸುವುದು ಒಂದು. ಪುಸ್ತಕ, ಪತ್ರಿಕೆಗಳ ಪುಟವಿನ್ಯಾಸ ಇನ್ನೊಂದು. ಸರಕಿನ ಪೊಟ್ಟಣ, ಜಾಹೀರಾತು, ಫಲಕ ಮತ್ತು ದಿಕ್ಸೂಚಿಗಳು, ಅಂಕಿಅಂಶಗಳನ್ನು ಚಿತ್ರವಾಗಿಸುವ ಇನ್ಫೋಗ್ರಾಫಿಕ್, ಚಲಿಸುವ ಅಕ್ಷರ ಚಿತ್ರಗಳ ಮೋಷನ್ ಗ್ರಾಫಿಕ್ಸ್, ಫಾಂಟ್ ರಚನೆ, ಜಾಲತಾಣ ಮತ್ತು ಆ್ಯಪ್‌ಗಳ ಪರದೆಯನ್ನು ರೂಪಿಸುವ ಯುಐ ವಿನ್ಯಾಸ ಹೀಗೆ ಪಟ್ಟಿ ಬೆಳೆಯುತ್ತದೆ. ಆರಂಭದಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮುಟ್ಟಿ ನೋಡಿ, ಮೂರು ನಾಲ್ಕು ವರ್ಷಗಳ ಬಳಿಕ ಒಂದೆರಡರಲ್ಲಿ ಬೇರು ಬಿಡುವುದು ಸಾಮಾನ್ಯ ಕ್ರಮ.

ಕಲ್ಲಚ್ಚಿನಿಂದ ಕಂಪ್ಯೂಟರ್‌ವರೆಗೆ

ಈ ವಿದ್ಯೆ ಕನ್ನಡಕ್ಕೆ ಹೊಸದೇನಲ್ಲ. 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮೂಲಕ ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾಗಿತ್ತು. ಮುಂದೆ ಅಚ್ಚುಮೊಳೆಗಳ ಕಾಲ ಬಂತು. ಪತ್ರಿಕೆಯ ಪುಟ ಕಟ್ಟುವವರೇ ಆ ಕಾಲದ ವಿನ್ಯಾಸಕಾರರಾಗಿದ್ದರು. ಕಲಬುರಗಿ ಮೂಲದ ಎಸ್.ಎಂ. ಪಂಡಿತ್ ಮುಂಬೈಗೆ ಹೋಗಿ ಚಲನಚಿತ್ರ ಪ್ರಚಾರ ಚಿತ್ರಗಳು, ನಿಯತಕಾಲಿಕದ ಮುಖಪುಟಗಳು ಮತ್ತು ಕ್ಯಾಲೆಂಡರ್ ಚಿತ್ರಗಳಿಂದ ಹೆಸರಾದರು. ‘ಪ್ರಜಾವಾಣಿ’ ಬಳಗದಲ್ಲಿದ್ದ ಚಂದ್ರನಾಥ ಆಚಾರ್ಯ ಅವರ ರೇಖೆಗಳು ಕನ್ನಡದ ಕಥೆ, ಕಾದಂಬರಿಗಳಿಗೆ ಮುಖವಾದವು.

ಕಂಪ್ಯೂಟರ್ ಯುಗದಲ್ಲಿಯೂ ಅಡಿಪಾಯ ಹಾಕಿದವರು ಅಕ್ಷರ ಬಲ್ಲವರೇ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ಇಂದು ‘ನುಡಿ’ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿದೆ. ವಿಂಡೋಸ್‌ನೊಂದಿಗೆ ಬಂದ ‘ತುಂಗಾ’ ಕನ್ನಡ ಫಾಂಟನ್ನು ರೂಪಿಸಿದವರು ಐಐಟಿ ಮುಂಬೈನಲ್ಲಿ ವಿನ್ಯಾಸ ಕಲಿಸುತ್ತಿದ್ದ ಆರ್.ಕೆ. ಜೋಶಿ.

2010ರ ಜುಲೈ 15ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ರೂಪಾಯಿ ಚಿಹ್ನೆಯ ಕಥೆಯೂ ಇದನ್ನೇ ಹೇಳುತ್ತದೆ. ಸ್ಪರ್ಧೆಗೆ ಬಂದಿದ್ದ ಮೂರು ಸಾವಿರಕ್ಕೂ ಹೆಚ್ಚು ವಿನ್ಯಾಸಗಳಲ್ಲಿ ಆಯ್ಕೆಯಾದದ್ದು ಡಿ. ಉದಯ ಕುಮಾರ್ ಅವರದು. ಐಐಟಿ ಮುಂಬೈನಲ್ಲಿ ಅವರು ಸಂಶೋಧನೆ ನಡೆಸಿದ್ದ ವಿಷಯ ತಮಿಳು ಅಕ್ಷರ ವಿನ್ಯಾಸ. ತಾಯ್ನುಡಿಯ ಲಿಪಿಯನ್ನು ಆಳವಾಗಿ ನೋಡಿದ ಕಣ್ಣೇ ದೇವನಾಗರಿಯ ‘ರ’ ಮತ್ತು ರೋಮನ್ ‘ಆರ್’ ಅಕ್ಷರಗಳನ್ನು ಒಂದೇ ಚಿಹ್ನೆಯಲ್ಲಿ ಬೆಸೆಯಿತು.

ಎಲ್ಲಿ ಕಲಿಯಬಹುದು?

ಕಲಿಕೆಗೆ ಸ್ಥೂಲವಾಗಿ ಮೂರು ಹಾದಿಗಳಿವೆ.

ಮೊದಲನೆಯದು ವಿನ್ಯಾಸ ಪದವಿ. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ನೀಡಿದ ವರದಿಯ ಆಧಾರದ ಮೇಲೆ 1961ರಲ್ಲಿ ಅಹಮದಾಬಾದ್‌ನಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಅಂದರೆ ಎನ್‌ಐಡಿ, ಈ ಕ್ಷೇತ್ರದ ಹಿರಿಯ ಸಂಸ್ಥೆ. ಇದರ ಬೆಂಗಳೂರು ಕ್ಯಾಂಪಸ್‌ನಲ್ಲಿ ಇರುವುದು ಸ್ನಾತಕೋತ್ತರ ಕೋರ್ಸುಗಳು. ನಾಲ್ಕು ವರ್ಷಗಳ ಬಿ.ಡೆಸ್ ಪದವಿಗೆ ಅಹಮದಾಬಾದ್ ಅಥವಾ ಇತರ ರಾಜ್ಯಗಳಲ್ಲಿರುವ ಎನ್‌ಐಡಿಗಳಿಗೆ ಹೋಗಬೇಕು. ಐಐಟಿ ಮುಂಬೈನಲ್ಲಿ 1969ರಲ್ಲಿ ಆರಂಭವಾದ ವಿನ್ಯಾಸ ವಿಭಾಗವೂ ಅಷ್ಟೇ ಪ್ರತಿಷ್ಠಿತ. ಅಲ್ಲಿನ ಬಿ.ಡೆಸ್ ಪ್ರವೇಶಕ್ಕೆ ಯುಸೀಡ್, ಎಂ.ಡೆಸ್ ಪ್ರವೇಶಕ್ಕೆ ಸೀಡ್ ಪರೀಕ್ಷೆ ಬರೆಯಬೇಕು. ಎನ್‌ಐಡಿಗೆ ಪ್ರತ್ಯೇಕ ಪರೀಕ್ಷೆಯಿದ್ದು, ಪೂರ್ವಭಾವಿ ಮತ್ತು ಮುಖ್ಯ ಎಂಬ ಎರಡು ಹಂತಗಳಲ್ಲಿ ನಡೆಯುತ್ತದೆ.

ಪದವಿ ಹಂತದ ಈ ಪರೀಕ್ಷೆಗಳನ್ನು ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಯಾವುದೇ ವಿಭಾಗ ಓದಿದವರೂ ಬರೆಯಬಹುದು. ಆದರೆ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಈ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಒಂದು ವರ್ಷ ಮೊದಲೇ ಬಿಡಿಸಲು ತೊಡಗಿದರೆ ಭಾಷೆಯ ಅಳುಕು ತಗ್ಗುತ್ತದೆ. ರೇಖಾಚಿತ್ರ, ಗಮನಿಸುವ ಶಕ್ತಿ ಮತ್ತು ಹೊಸ ಆಲೋಚನೆಯನ್ನು ಅಳೆಯುವ ಪ್ರಶ್ನೆಗಳೂ ಅಲ್ಲಿರುತ್ತವೆ.

ಎರಡನೆಯದು ದೃಶ್ಯಕಲಾ ಪದವಿ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜು ಮತ್ತು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಕಾವಾ, ಈ ಹಾದಿಯ ಪರಿಚಿತ ಹೆಸರುಗಳು. ಇಲ್ಲಿನ ಅನ್ವಯಿಕ ಕಲೆಯ ಅಧ್ಯಯನ ಗ್ರಾಫಿಕ್ ಡಿಸೈನ್‌ಗೆ ತೀರ ಹತ್ತಿರ. ಪ್ರೌಢಶಾಲೆಯಲ್ಲಿಯೇ ಚಿತ್ರಕಲೆಯ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಮುಗಿಸಿಕೊಂಡವರಿಗೆ ಮೊದಲ ವರ್ಷ ಹಗುರವೆನಿಸುತ್ತದೆ. ಇವಲ್ಲದೆ ಬೆಂಗಳೂರಿನಲ್ಲಿ 1996ರಲ್ಲಿ ಆರಂಭವಾದ ಸೃಷ್ಟಿಯಂತಹ ಖಾಸಗಿ ವಿನ್ಯಾಸ ಸಂಸ್ಥೆಗಳೂ ಇವೆ. ಖಾಸಗಿ ಸಂಸ್ಥೆಗಳ ಶುಲ್ಕ ಸಾಮಾನ್ಯ ಕುಟುಂಬಗಳ ಕೈಗೆ ಸುಲಭವಾಗಿ ಎಟಕುವಂಥದ್ದಲ್ಲ.

ಮೂರನೆಯದು ದುಡಿಯುತ್ತ ಕಲಿಯುವ ಹಾದಿ. ಐಟಿಐಗಳ ಡೆಸ್ಕ್‌ಟಾಪ್ ಪಬ್ಲಿಷಿಂಗ್ ಆಪರೇಟರ್ ತರಬೇತಿ, ಮುದ್ರಣ ತಂತ್ರಜ್ಞಾನದ ಡಿಪ್ಲೊಮಾ ಅಥವಾ ಊರಿನ ಡಿಟಿಪಿ ಕೇಂದ್ರದ ಸಹಾಯಕನ ಕೆಲಸದಿಂದ ಇದು ಆರಂಭವಾಗುತ್ತದೆ. ಪದವಿಯ ಮುದ್ರೆಯಿಲ್ಲದ ಈ ಹಾದಿಯನ್ನು ಕೀಳೆಂದು ಭಾವಿಸುವವರುಂಟು. ಆದರೆ ಕಾಗದದ ತೂಕ, ಶಾಯಿಯ ಗುಣ, ಗ್ರಾಹಕರ ತಕರಾರು ಇವು ಪ್ರೆಸ್ಸಿನಲ್ಲಿ ಕಲಿಸಿಕೊಟ್ಟಷ್ಟು ಚೆನ್ನಾಗಿ ತರಗತಿಯಲ್ಲಿ ತಿಳಿಯವು. ಈ ಹಾದಿಯ ಕೊರತೆ ಬೇರೆಯದು. ಕೊಟ್ಟದ್ದನ್ನು ಬೇಗ ಮಾಡಿ ಮುಗಿಸುವ ಅಭ್ಯಾಸ ಬೆಳೆದು, ಏಕೆ ಹೀಗೆ ಎಂದು ಕೇಳುವ ಅಭ್ಯಾಸ ಬೆಳೆಯದೆ ಹೋಗಬಹುದು. ಆ ಕೊರತೆಯನ್ನು ಓದಿನಿಂದ, ಒಳ್ಳೆಯ ಕೆಲಸಗಳ ಅವಲೋಕನದಿಂದ ಸ್ವತಃ ತುಂಬಿಕೊಳ್ಳಬೇಕು.

ಶುಲ್ಕ ಕಟ್ಟುವ ಮುನ್ನ

ಮೂರು ತಿಂಗಳಲ್ಲಿ ಡಿಸೈನರ್, ನೂರಕ್ಕೆ ನೂರು ಉದ್ಯೋಗ ಖಾತರಿ ಎಂಬ ಜಾಹೀರಾತುಗಳಿಗೆ ನಗರಗಳಲ್ಲಿ ಬರವಿಲ್ಲ. ಸಾಲ ಮಾಡಿಯಾದರೂ ಮಗನನ್ನೋ ಮಗಳನ್ನೋ ಸೇರಿಸುವ ಪೋಷಕರು ಅಲ್ಲಿ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು.

* ಹಿಂದಿನ ವರ್ಷದ ವಿದ್ಯಾರ್ಥಿಗಳು ಮಾಡಿದ ಕೆಲಸಗಳನ್ನು ತೋರಿಸುವಿರಾ? ಎಲ್ಲರ ಕೆಲಸಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೆ ಅಲ್ಲಿ ಕಲಿಸುವುದು ಗುಂಡಿ ಒತ್ತುವುದನ್ನು ಮಾತ್ರ.
* ಪಾಠ ಮಾಡುವವರು ಸ್ವತಃ ವಿನ್ಯಾಸ ಕ್ಷೇತ್ರದಲ್ಲಿ ದುಡಿದವರೇ?
* ರೇಖಾಚಿತ್ರ, ಅಕ್ಷರ ವಿನ್ಯಾಸ, ಬಣ್ಣದ ಸಿದ್ಧಾಂತ ಮತ್ತು ಮುದ್ರಣಕ್ಕೆ ಎಷ್ಟು ಗಂಟೆ ಮೀಸಲು?
* ಪದವಿ ಎಂದು ಹೇಳುತ್ತಿದ್ದರೆ ಅದನ್ನು ನೀಡುವ ವಿಶ್ವವಿದ್ಯಾಲಯ ಯಾವುದು, ಅದಕ್ಕೆ ಮಾನ್ಯತೆ ಇದೆಯೇ?
* ನಡುವೆ ಬಿಟ್ಟರೆ ಶುಲ್ಕ ಮರಳಿಸುವ ನಿಯಮವೇನು? ಅದನ್ನು ಬರಹದಲ್ಲಿ ಕೊಡುವಿರಾ?

ಉತ್ತರ ಜಾರಿಕೆಯದಾಗಿದ್ದರೆ ಕಾಲು ಹಿಂದೆ ತೆಗೆಯುವುದೇ ಲೇಸು. ಸಾಲ ಮಾಡುವ ಮುನ್ನ ಇನ್ನೊಂದು ಲೆಕ್ಕವೂ ಅಗತ್ಯ. ಈ ವೃತ್ತಿಯಲ್ಲಿ ಮೊದಲ ಒಂದೆರಡು ವರ್ಷ ಸಂಬಳ ಸಾಧಾರಣವಾಗಿಯೇ ಇರುತ್ತದೆ. ಅದರಲ್ಲಿ ಊಟ, ಬಾಡಿಗೆ ಕಳೆದು ಉಳಿಯುವ ಹಣಕ್ಕಿಂತ ಸಾಲದ ಕಂತು ದೊಡ್ಡದಾದರೆ, ಕಲಿಯಬೇಕಾದ ವಯಸ್ಸಿನಲ್ಲಿ ಸಿಕ್ಕ ಸಿಕ್ಕ ಕೆಲಸಕ್ಕೆ ಕೊರಳೊಡ್ಡಬೇಕಾಗುತ್ತದೆ.

ತಂತ್ರಾಂಶ: ಸಾಧನವೇ ಹೊರತು ಸಾಧನೆಯಲ್ಲ

ಚಿತ್ರಗಳ ತಿದ್ದುಪಡಿಗೆ ಫೋಟೊಶಾಪ್, ಲೋಗೊ ಮತ್ತು ರೇಖಾಚಿತ್ರಗಳಿಗೆ ಇಲ್ಲಸ್ಟ್ರೇಟರ್ ಅಥವಾ ಕೋರೆಲ್‌ಡ್ರಾ, ಪುಸ್ತಕ ಮತ್ತು ಪತ್ರಿಕೆಗಳ ಪುಟಗಳಿಗೆ ಇನ್‌ಡಿಸೈನ್, ಆ್ಯಪ್ ಪರದೆಗಳಿಗೆ ಫಿಗ್ಮಾ ಬಳಕೆಯಲ್ಲಿವೆ. ಒಂದು ಕಾಲದಲ್ಲಿ ಡಿಟಿಪಿ ಎಂದರೆ ಪೇಜ್‌ಮೇಕರ್ ಎಂಬಂತಿತ್ತು. ಅದರ ಬೆಳವಣಿಗೆ ನಿಂತು ಎರಡು ದಶಕಗಳೇ ಕಳೆದಿವೆ. ಹೊಸಬರು ಅದರ ಕಲಿಕೆಗೆ ಹಣ ಸುರಿಯಬೇಕಾಗಿಲ್ಲ.

ಅಡೋಬಿಯ ತಂತ್ರಾಂಶಗಳಿಗೆ 2013ರಿಂದ ತಿಂಗಳು ಅಥವಾ ವರ್ಷದ ಚಂದಾ ಪದ್ಧತಿ ಬಂದಿದೆ. ಅದು ಭಾರವೆನಿಸುವವರಿಗೆ ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್, ಕ್ರಿಟಾ ಎಂಬ ಉಚಿತ ತಂತ್ರಾಂಶಗಳಿವೆ. ಕಳ್ಳ ಪ್ರತಿ ಬಳಸಿ ವ್ಯವಹಾರ ನಡೆಸುವುದು ಕಾನೂನುಬಾಹಿರ. ಅದರೊಂದಿಗೆ ಬರುವ ವೈರಸ್ ಗ್ರಾಹಕರ ಕಡತಗಳನ್ನೇ ನುಂಗಿದರೆ ವರ್ಷಗಳಿಂದ ಗಳಿಸಿದ ನಂಬಿಕೆ ಒಂದೇ ದಿನದಲ್ಲಿ ಮಣ್ಣುಪಾಲಾಗುತ್ತದೆ.

ಕನ್ನಡ ಅಕ್ಷರದ ಪಾಠ

ವಿನ್ಯಾಸದ ಹೆಚ್ಚಿನ ಪಠ್ಯಪುಸ್ತಕಗಳು ರೋಮನ್ ಲಿಪಿಯನ್ನು ಎದುರಿಗಿಟ್ಟುಕೊಂಡು ಬರೆದವು. ಅವುಗಳ ನಿಯಮಗಳನ್ನು ಹಾಗೆಯೇ ಕನ್ನಡಕ್ಕೆ ಹೊಂದಿಸಲು ಹೊರಟರೆ ಕೆಲಸ ಕೆಡುತ್ತದೆ. ಕನ್ನಡದಲ್ಲಿ ಪುಟ ಕಟ್ಟುವವರು ಗಮನಿಸಲೇಬೇಕಾದ ಸಂಗತಿಗಳು ಹಲವು.

ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಚಿಹ್ನೆಗಳು ಮೇಲೆ ಏರುತ್ತವೆ. ಇಂಗ್ಲಿಷ್‌ಗೆ ಸಾಕಾಗುವ ಸಾಲಂತರ ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಕೊಂಬಿಗೆ ತಾಗಿದರೆ ಓದುಗನ ಕಣ್ಣು ಎಡವುತ್ತದೆ.

‘ದ’ ಮತ್ತು ‘ಧ’, ‘ಡ’ ಮತ್ತು ‘ಢ’, ‘ಪ’ ಮತ್ತು ‘ಫ’ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಸೀಳಿನದು. ದಪ್ಪ ಫಾಂಟನ್ನು ಸಣ್ಣ ಗಾತ್ರದಲ್ಲಿ ಮುದ್ರಿಸಿದಾಗ ಶಾಯಿ ಹರಡಿ ಆ ಸೀಳು ಮುಚ್ಚಿಹೋಗುತ್ತದೆ. ‘ಧನ’ ಹೋಗಿ ‘ದನ’ ಆಗುವುದು ಹೀಗೆ. ಔಷಧದ ಡಬ್ಬಿ, ವಿಳಾಸಪತ್ರ ಮತ್ತು ಸೂಚನಾಪತ್ರಗಳಲ್ಲಿ ಇದು ನಗುವ ವಿಷಯವಲ್ಲ.

ಕನ್ನಡದಲ್ಲಿ ಇಂಗ್ಲಿಷ್‌ನಂತೆ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ. ಒಂದು ಪದಕ್ಕೆ ಒತ್ತು ಕೊಡಬೇಕಾದರೆ ಗಾತ್ರ, ದಪ್ಪ, ಬಣ್ಣ ಅಥವಾ ಜಾಗದ ಮೊರೆ ಹೋಗಬೇಕು. ಜತೆಗೆ ಪ್ರತ್ಯಯಗಳು ಸೇರಿ ಕನ್ನಡದ ಪದಗಳು ಉದ್ದವಾಗುತ್ತವೆ. ಕಿರಿದಾದ ಅಂಕಣದಲ್ಲಿ ಎರಡೂ ಅಂಚುಗಳನ್ನು ಸಮ ಮಾಡಲು ಹೊರಟರೆ ಪದಗಳ ನಡುವೆ ಹೊಂಡಗಳು ಬೀಳುತ್ತವೆ. ಬಲ ಅಂಚನ್ನು ಸಮ ಮಾಡದೆ ಬಿಡುವುದು ಅಥವಾ ಪದಗಳನ್ನು ಸರಿಯಾದ ಜಾಗದಲ್ಲಿ ಮುರಿಯುವುದು ಇದಕ್ಕೆ ಪರಿಹಾರ.

ಇನ್ನು ಫಾಂಟಿನ ವಿಷಯ. ಹಳೆಯ ಪದ್ಧತಿಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕನ್ನಡದ ಅಕ್ಷರ ತುಣುಕುಗಳನ್ನು ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್ ಈ ತೊಡಕನ್ನು ನಿವಾರಿಸಿತು. ಹಾಗಿದ್ದರೂ ಅನೇಕ ಪ್ರೆಸ್ಸುಗಳಲ್ಲಿ ಹಳೆಯ ಕಡತಗಳು ಉಳಿದಿವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರಗಳನ್ನು ಸಾಲುಸಾಲಾಗಿ ಪರಿಶೀಲಿಸಲೇಬೇಕು.

ಅಡೋಬಿ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡ ಬಳಸುವಾಗ ಒತ್ತಕ್ಷರ ಒಡೆದು ಕಾಣುವುದುಂಟು. ಭಾರತೀಯ ಲಿಪಿಗಳಿಗೆ ಬೇಕಾದ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ಆರಿಸಿಕೊಳ್ಳದಿರುವುದು ಇದಕ್ಕೆ ಸಾಮಾನ್ಯ ಕಾರಣ. ಒಡೆದ ಅಕ್ಷರಗಳ ಫಲಕಗಳಲ್ಲಿ ಹಲವು ಇಷ್ಟು ಸಣ್ಣ ತಿಳಿವಳಿಕೆಯಿಂದ ಸರಿಹೋಗಬಹುದಾದಂಥವು. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡದಂತಹ ಫಾಂಟುಗಳು ಮುಕ್ತ ಪರವಾನಗಿಯಡಿ ಉಚಿತವಾಗಿ ದೊರೆಯುತ್ತವೆ. ಉಳಿದ ಫಾಂಟುಗಳನ್ನು ವಾಣಿಜ್ಯ ಕೆಲಸಕ್ಕೆ ಬಳಸುವ ಮುನ್ನ ಪರವಾನಗಿಯ ಷರತ್ತು ಓದಬೇಕು.

ಪ್ರೆಸ್ಸಿನ ಬಾಗಿಲಲ್ಲಿ

ಪರದೆಯ ಮೇಲೆ ಹೊಳೆದದ್ದೆಲ್ಲ ಕಾಗದದ ಮೇಲೆ ಹೊಳೆಯುವುದಿಲ್ಲ. ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಕಟ್ಟುತ್ತದೆ. ಆಫ್‌ಸೆಟ್ ಮುದ್ರಣದಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳು ಬಣ್ಣ ಕಟ್ಟುತ್ತವೆ. ಕಣ್ಣು ಕುಕ್ಕುವ ಹಸಿರು, ನೀಲಿಗಳು ಮುದ್ರಣದಲ್ಲಿ ಮಂಕಾಗುವುದು ಇದರಿಂದಲೇ. ಆದ್ದರಿಂದ ಮುದ್ರಣಕ್ಕೆ ಹೋಗುವ ಕಡತವನ್ನು ಸಿಎಂವೈಕೆ ಬಣ್ಣಪದ್ಧತಿಯಲ್ಲಿ ಪರೀಕ್ಷಿಸಿ ನೋಡಬೇಕು.

ಛಾಯಾಚಿತ್ರಗಳು ಮುದ್ರಣವಾಗುವ ಗಾತ್ರದಲ್ಲಿ ಇಂಚಿಗೆ ಸುಮಾರು 300 ಚುಕ್ಕೆಗಳಷ್ಟು ಸಾಂದ್ರತೆ ಹೊಂದಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ ಬಂದ ಭಾವಚಿತ್ರ ಪುಸ್ತಕದ ಮುಖಪುಟಕ್ಕೆ ಆಗಿಬರುವುದಿಲ್ಲ. ಅಂಚಿನವರೆಗೆ ಬಣ್ಣವಿರುವ ಪುಟಗಳಿಗೆ ಕತ್ತರಿಸುವ ಗೆರೆಯಾಚೆ 3 ಮಿ.ಮೀ. ಬ್ಲೀಡ್ ಬಿಡುವುದು ವಾಡಿಕೆ. ಸಣ್ಣ ಅಕ್ಷರಗಳಿಗೆ ಕಪ್ಪು ಶಾಯಿಯೊಂದನ್ನೇ ಬಳಸಬೇಕು. ನಾಲ್ಕೂ ಶಾಯಿ ಬೆರೆಸಿದ ಕಪ್ಪು ಕೂದಲೆಳೆಯಷ್ಟು ಸರಿದರೂ ಅಕ್ಷರದ ಸುತ್ತ ಬಣ್ಣದ ನೆರಳು ಮೂಡುತ್ತದೆ.

ಕೊನೆಯದಾಗಿ ಪ್ರೂಫ್. ಹೆಸರು, ದಿನಾಂಕ, ದೂರವಾಣಿ ಸಂಖ್ಯೆಗಳನ್ನು ಗ್ರಾಹಕರಿಂದ ಓದಿಸಿ, ಬರಹದಲ್ಲಿ ಒಪ್ಪಿಗೆ ಪಡೆದ ಬಳಿಕವೇ ಪ್ಲೇಟ್ ಮಾಡಿಸಬೇಕು. ಸಾವಿರ ಆಹ್ವಾನ ಪತ್ರಿಕೆ ಅಚ್ಚಾದ ಮೇಲೆ ಮುಹೂರ್ತದ ಸಮಯ ತಪ್ಪೆಂದು ತಿಳಿದರೆ ನಷ್ಟ ಯಾರದೆಂಬ ಜಗಳಕ್ಕೆ ಕೊನೆಯೇ ಇರುವುದಿಲ್ಲ.

ಪೋರ್ಟ್‌ಫೋಲಿಯೊ ಎಂಬ ಗುರುತಿನ ಚೀಟಿ

ಸಂದರ್ಶನಕ್ಕೆ ಹೋದಾಗ ಅಂಕಪಟ್ಟಿಗಿಂತ ಮೊದಲು ಕೇಳುವುದು ಪೋರ್ಟ್‌ಫೋಲಿಯೊವನ್ನು. ಅಂದರೆ, ಅಭ್ಯರ್ಥಿ ಮಾಡಿದ ಉತ್ತಮ ಕೆಲಸಗಳ ಸಂಗ್ರಹ. ಐವತ್ತು ಸಾಧಾರಣ ಕೆಲಸಗಳಿಗಿಂತ ಎಂಟು ಹತ್ತು ಒಳ್ಳೆಯ ಕೆಲಸಗಳು ಮೇಲು. ಪ್ರತಿಯೊಂದರ ಜತೆ ನಾಲ್ಕು ಮಾತು ಬೇಕು: ಸಮಸ್ಯೆ ಏನಿತ್ತು, ಯಾರಿಗಾಗಿ ಮಾಡಿದ್ದು, ಮೊದಲ ಕರಡುಗಳು ಹೇಗಿದ್ದವು, ಕೊನೆಗೆ ಈ ರೂಪವನ್ನೇ ಏಕೆ ಆರಿಸಲಾಯಿತು. ತಂಡದಲ್ಲಿ ಮಾಡಿದ ಕೆಲಸವಾದರೆ ತನ್ನ ಪಾಲು ಎಷ್ಟೆಂಬುದನ್ನು ಪ್ರಾಮಾಣಿಕವಾಗಿ ನಮೂದಿಸಬೇಕು. ಕದ್ದ ಕೆಲಸ ಒಂದಲ್ಲ ಒಂದು ದಿನ ಬಯಲಾಗುತ್ತದೆ.

ಕೆಲಸವೇ ಸಿಗದೆ ಸಂಗ್ರಹ ಮಾಡುವುದು ಹೇಗೆಂಬುದು ಹೊಸಬರ ಸಹಜ ಪ್ರಶ್ನೆ. ವಿಷಯಗಳು ಸುತ್ತಲೂ ಇವೆ. ಊರಿನ ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಹಳ್ಳಿಯಿಂದ ಬಂದ ಪ್ರಯಾಣಿಕರಿಗೂ ತಿಳಿಯುವಂತೆ ಮರುರೂಪಿಸಬಹುದು. ಸರ್ಕಾರಿ ಅರ್ಜಿ ನಮೂನೆಯೊಂದನ್ನು ಸರಳಗೊಳಿಸಬಹುದು. ಮಹಿಳಾ ಸ್ವಸಹಾಯ ಸಂಘದ ಉಪ್ಪಿನಕಾಯಿಗೆ ಚೀಟಿ, ಶಾಲಾ ಗ್ರಂಥಾಲಯಕ್ಕೆ ಸೂಚನಾಫಲಕ, ಮೆಚ್ಚಿನ ಕಾದಂಬರಿಗೆ ಮುಖಪುಟ ಮಾಡಬಹುದು. ಇವು ಅಭ್ಯಾಸದ ಕೆಲಸಗಳೆಂದು ಸ್ಪಷ್ಟವಾಗಿ ಬರೆದರೆ ಸಾಕು. ಇಂಥ ಕೆಲಸಗಳಲ್ಲಿ ಕಾಣುವ ಸ್ವಂತ ಅವಲೋಕನ, ಕಾಲ್ಪನಿಕ ಕಾಫಿ ಅಂಗಡಿಯ ನೂರೊಂದನೇ ಲೋಗೊದಲ್ಲಿ ಕಾಣುವುದಿಲ್ಲ.

ಮೊದಲ ನೌಕರಿ

ಜಾಹೀರಾತು ಸಂಸ್ಥೆ, ಪತ್ರಿಕಾಲಯ, ಪ್ರಕಾಶನ, ಮುದ್ರಣಾಲಯ, ಸುದ್ದಿವಾಹಿನಿ, ಡಿಸೈನ್ ಸ್ಟುಡಿಯೊ, ಸಾಫ್ಟ್‌ವೇರ್ ಕಂಪನಿ, ಸ್ವಯಂಸೇವಾ ಸಂಸ್ಥೆ ಹೀಗೆ ಅವಕಾಶದ ಬಾಗಿಲುಗಳು ಹಲವು. ಬೆಂಗಳೂರಿನಲ್ಲಿ ಅವಕಾಶ ಹೆಚ್ಚು, ಖರ್ಚೂ ಹೆಚ್ಚು. ಗದಗದಂತಹ ಮುದ್ರಣ ಪರಂಪರೆಯ ಊರುಗಳಲ್ಲಿ ಕೆಲಸ ಕಲಿತು, ಬಳಿಕ ದೊಡ್ಡ ನಗರಕ್ಕೆ ಹೋಗುವುದೂ ಜಾಣತನವೇ.

ಆರಂಭದಲ್ಲಿ ಕಿರಿಯ ವಿನ್ಯಾಸಕಾರ, ಬಳಿಕ ಹಿರಿಯ ವಿನ್ಯಾಸಕಾರ, ಮುಂದೆ ಕಲಾ ನಿರ್ದೇಶಕ, ಕ್ರಿಯೇಟಿವ್ ಡೈರೆಕ್ಟರ್ ಎಂಬುದು ಜಾಹೀರಾತು ಲೋಕದ ಏಣಿ. ಮೊದಲ ನೌಕರಿಯಲ್ಲಿ ಒಂದೆರಡು ಸಾವಿರ ರೂಪಾಯಿ ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ, ಕೆಲಸವನ್ನು ನೋಡಿ ತಿದ್ದುವ ಹಿರಿಯರು ಅಲ್ಲಿ ಇದ್ದಾರೆಯೇ ಎಂಬುದು ಮುಖ್ಯ. ಹಾಗೆಂದು ‘ಪರೀಕ್ಷೆ’ಯ ಹೆಸರಿನಲ್ಲಿ ದಿನಗಟ್ಟಲೆ ಪುಕ್ಕಟೆ ದುಡಿಸಿಕೊಳ್ಳುವವರಿಗೆ ಮಣಿಯಬಾರದು. ಒಂದೆರಡು ಗಂಟೆಗಳ ಸಣ್ಣ ಪರೀಕ್ಷೆ ಸಹಜ. ನಿಜವಾದ ಗ್ರಾಹಕರ ಪೂರ್ಣ ಕೆಲಸವನ್ನೇ ಮಾಡಿಸಿಕೊಂಡರೆ ಅದು ಶೋಷಣೆ.

ಸ್ವತಂತ್ರ ವೃತ್ತಿಯ ಲೆಕ್ಕಾಚಾರ

ಮೂರ್ನಾಲ್ಕು ವರ್ಷಗಳ ಅನುಭವದ ಬಳಿಕ ಸ್ವತಂತ್ರವಾಗಿ ದುಡಿಯುವವರು ಅನೇಕರು. ಅವರಲ್ಲಿ ಬಹುಪಾಲು ಮಂದಿ ಎಡವುವುದು ದರ ನಿಗದಿಯಲ್ಲಿ. ಪಕ್ಕದ ಅಂಗಡಿಯವರು ಎಷ್ಟು ಕೇಳುತ್ತಾರೆ ಎಂಬುದಷ್ಟೇ ಅಳತೆಗೋಲಾದರೆ ದುಡಿಮೆ ಹೆಚ್ಚಿ ಗಳಿಕೆ ಕುಗ್ಗುತ್ತದೆ.

ಉದಾಹರಣೆಗೆ, ಮನೆ ಖರ್ಚಿಗೆ ತಿಂಗಳಿಗೆ 30,000 ರೂಪಾಯಿ ಬೇಕು ಎಂದಿಟ್ಟುಕೊಳ್ಳೋಣ. ಕೊಠಡಿ ಬಾಡಿಗೆ, ವಿದ್ಯುತ್, ಇಂಟರ್‌ನೆಟ್, ತಂತ್ರಾಂಶದ ಚಂದಾ, ಕಂಪ್ಯೂಟರಿನ ಸವಕಳಿಗೆ 12,000 ರೂಪಾಯಿ. ಒಟ್ಟು 42,000 ರೂಪಾಯಿ. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆಯಂತೆ 200 ಗಂಟೆ ದುಡಿಮೆ. ಅದರಲ್ಲಿ ಅರ್ಧದಷ್ಟು ಹೊತ್ತು ಗ್ರಾಹಕರ ಭೇಟಿ, ಓಡಾಟ, ಬಾಕಿ ವಸೂಲಿಯಲ್ಲಿ ಕಳೆಯುತ್ತದೆ. ಹಣ ಹುಟ್ಟಿಸುವ ಗಂಟೆಗಳು 100 ಮಾತ್ರ. ಅಂದರೆ ಗಂಟೆಗೆ 420 ರೂಪಾಯಿ. ತಿದ್ದುಪಡಿಗಳೂ ಸೇರಿ 6 ಗಂಟೆ ಹಿಡಿಯುವ ಆಹ್ವಾನ ಪತ್ರಿಕೆಗೆ 2,520 ರೂಪಾಯಿ ಬರದಿದ್ದರೆ ವಿನ್ಯಾಸಕಾರ ಕೈಯಿಂದ ಹಣ ಹಾಕಿ ಕೆಲಸ ಮಾಡಿದಂತೆ. ಉಳಿತಾಯ, ಕಾಯಿಲೆಯ ಖರ್ಚು ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

ಕೆಲಸ ಆರಂಭಿಸುವ ಮುನ್ನ ಒಂದು ಪುಟದ ಒಪ್ಪಂದ ಪತ್ರ ಇರಲಿ. ಕೆಲಸದ ವಿವರ, ದರ, ಮುಂಗಡ, ಎಷ್ಟು ಬಾರಿ ತಿದ್ದುಪಡಿ ಉಚಿತ, ಕೊಡುವ ದಿನಾಂಕ ಇವಿಷ್ಟು ಅದರಲ್ಲಿದ್ದರೆ ಸಾಕು. ಪರಿಚಿತರ ಬಳಿ ಕಾಗದ ಕೇಳುವುದು ಹೇಗೆಂಬ ದಾಕ್ಷಿಣ್ಯವೇ ಅನೇಕರ ಬಾಕಿ ಹಣವನ್ನು ನುಂಗಿದೆ. ಸೇವಾ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಕಂಪನಿಗಳು ಮೂಲದಲ್ಲಿಯೇ ತೆರಿಗೆ ಕಡಿತ ಮಾಡಿ ಹಣ ಕೊಟ್ಟಿದ್ದರೆ, ಆದಾಯ ತೆರಿಗೆ ವಿವರ ಸಲ್ಲಿಸಿ ಅದನ್ನು ಹೊಂದಿಸಿಕೊಳ್ಳಬಹುದು.

ಒಂದೇ ಮಾಧ್ಯಮವನ್ನು ನೆಚ್ಚಿಕೊಳ್ಳುವುದೂ ಅಪಾಯ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆದೇಶದ ಮೇರೆಗೆ ಬೆಂಗಳೂರಿನ ಬೀದಿಗಳಿಂದ ಫ್ಲೆಕ್ಸ್‌ಗಳು ತೆರವಾದಾಗ, ಅದೊಂದನ್ನೇ ನಂಬಿದ್ದವರ ದುಡಿಮೆಗೆ ದಿಢೀರನೆ ಪೆಟ್ಟು ಬಿತ್ತು. ಪುಸ್ತಕ, ಪೊಟ್ಟಣ, ಪರದೆ ಹೀಗೆ ಎರಡು ಮೂರು ಕಡೆ ಕೈ ಪಳಗಿದ್ದರೆ ಇಂಥ ಹೊಡೆತವನ್ನು ತಾಳಿಕೊಳ್ಳಬಹುದು.

ಹಕ್ಕು ಯಾರದು?

1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರಿಯ ಭಾಗವಾಗಿ ಮಾಡಿದ ಕೃತಿಗೆ ಬೇರೆ ಒಪ್ಪಂದ ಇಲ್ಲದಿದ್ದರೆ ಸಂಸ್ಥೆಯೇ ಮೊದಲ ಒಡೆಯ. ಸ್ವತಂತ್ರ ವಿನ್ಯಾಸಕಾರ ರಚಿಸಿದ ಲೋಗೊದ ಹಕ್ಕು ಸಾಮಾನ್ಯವಾಗಿ ಅವನಲ್ಲಿಯೇ ಇರುತ್ತದೆ. ಅದು ಗ್ರಾಹಕರಿಗೆ ಹೋಗಬೇಕಾದರೆ ಸಹಿ ಮಾಡಿದ ಬರಹ ಬೇಕು. ಆ ಬರಹದಲ್ಲಿ ಅವಧಿ ನಮೂದಿಸದಿದ್ದರೆ ಹಕ್ಕಿನ ವರ್ಗಾವಣೆ ಐದು ವರ್ಷಕ್ಕೆ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಹಣ ಪಡೆದು ಮಾಡಿಕೊಟ್ಟ ಛಾಯಾಚಿತ್ರ, ವರ್ಣಚಿತ್ರ, ಭಾವಚಿತ್ರಗಳಿಗೆ ನಿಯಮ ಬೇರೆ. ಆದ್ದರಿಂದ ಹಕ್ಕಿನ ಮಾತನ್ನೂ ಒಪ್ಪಂದದಲ್ಲಿಯೇ ಬರೆದುಕೊಳ್ಳುವುದು ಇಬ್ಬರಿಗೂ ಕ್ಷೇಮ. ಇಂಟರ್‌ನೆಟ್‌ನಲ್ಲಿ ಸಿಕ್ಕಿದ ಚಿತ್ರವನ್ನು ಅನುಮತಿಯಿಲ್ಲದೆ ಬಳಸಿದರೆ ಇದೇ ಕಾಯ್ದೆ ವಿನ್ಯಾಸಕಾರನಿಗೇ ಎದುರಾಗುತ್ತದೆ.

ಯಂತ್ರ ಬಂದ ಮೇಲೆ

ಕ್ಯಾನ್ವಾದಂತಹ ಸಿದ್ಧ ಮಾದರಿಗಳ ತಾಣಗಳು ಹಾಗೂ ಮಾತಿನಲ್ಲಿ ಹೇಳಿದ್ದನ್ನು ಚಿತ್ರವಾಗಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳು ಈ ವೃತ್ತಿಯ ತಳಪಾಯವನ್ನೇ ಅಲುಗಿಸಿವೆ ಎಂಬ ಆತಂಕ ನಿರಾಧಾರವೇನಲ್ಲ. ಹುಟ್ಟುಹಬ್ಬದ ಪೋಸ್ಟರ್, ಹಬ್ಬದ ಶುಭಾಶಯ ಚಿತ್ರಗಳನ್ನು ಇಂದು ಗ್ರಾಹಕರೇ ಮೊಬೈಲ್‌ನಲ್ಲಿ ಮಾಡಿಕೊಳ್ಳುತ್ತಿದ್ದಾರೆ. ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದ ಸಣ್ಣಪುಟ್ಟ ಕೆಲಸಗಳು ಹೀಗೆ ಕಡಿಮೆಯಾಗುತ್ತಿರುವುದು ನಿಜವಾದ ಕಷ್ಟ.

ಆದರೆ ಯಂತ್ರ ಕೊಟ್ಟ ಚಿತ್ರದಲ್ಲಿನ ಕನ್ನಡ ಅಕ್ಷರ ತಪ್ಪಾಗಿರುವುದು ಇಂದಿಗೂ ಅಪರೂಪವಲ್ಲ. ಅದನ್ನು ಗುರುತಿಸಲು ಬಲ್ಲವರೇ ಬೇಕು. ಯಾವ ಮಾತನ್ನು ದೊಡ್ಡದಾಗಿ ಹೇಳಬೇಕು, ಯಾವುದನ್ನು ಬಿಡಬೇಕು, ಕಲಬುರಗಿಯ ರೈತನಿಗೆ ಹೊಂದುವ ಭಿತ್ತಿಪತ್ರ ಬೆಂಗಳೂರಿನ ಉದ್ಯೋಗಿಗೆ ಹೊಂದುವುದೇ ಎಂಬ ತೀರ್ಮಾನವನ್ನೂ ಮನುಷ್ಯರೇ ಮಾಡಬೇಕು. ಹೊಸ ಸಾಧನಗಳನ್ನು ದೂರವಿಡದೆ ಕಲಿತು, ಕರಡುಗಳಿಗೆ ಬಳಸಿಕೊಂಡು, ಕೊನೆಯ ಹೊಣೆಯನ್ನು ತಾನೇ ಹೊರುವವನು ಉಳಿದುಕೊಳ್ಳುತ್ತಾನೆ.

ವೃತ್ತಿಗೆ ಬರಲು ಬಯಸುವವರು ದುಬಾರಿ ಕಂಪ್ಯೂಟರ್ ಕೊಳ್ಳುವವರೆಗೆ ಕಾಯಬೇಕಾಗಿಲ್ಲ. ಒಂದು ಪುಸ್ತಕ, ಒಂದು ಪೆನ್ಸಿಲ್ ಸಾಕು. ದಿನಕ್ಕೊಂದು ಫಲಕವನ್ನು ನಿಂತು ನೋಡಿ, ಅದರಲ್ಲಿ ಸರಿಯೇನು, ತಪ್ಪೇನು ಎಂದು ಬರೆದು, ತಪ್ಪನ್ನು ತಮ್ಮ ಕೈಯಾರೆ ತಿದ್ದಿ ಚಿತ್ರಿಸುತ್ತ ಹೋದರೆ ವರ್ಷ ತುಂಬುವಷ್ಟರಲ್ಲಿ ಮುನ್ನೂರು ಚಿಲ್ಲರೆ ಪಾಠಗಳಾಗುತ್ತವೆ. ಸದ್ಯದ ಮಟ್ಟಿಗೆ ನಮ್ಮ ಬೀದಿಗಳಲ್ಲಿ ಇಂಥ ಪಾಠಗಳಿಗೇನೂ ಕೊರತೆಯಿಲ್ಲ.